ಕಿತ್ತುಕೊಂಡ ಅವಧಿ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. "ಮಗಳ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ ಸಾರ್. ಒಂದು ಕಿಟ್ ಕೊಡುತ್ತಾರೆ, ಅಂಟಿಸಿದರೆ ನವಿಲಾಗುತ್ತದೆ" ಎಂದ. ಅವನ ದನಿಯಲ್ಲಿ ದೂರಿನ ಛಾಯೆಯೂ ಇರಲಿಲ್ಲ. ನನ್ನನ್ನು ಕೆರಳಿಸಿದ್ದು ಅದೇ. ಯಾರೋ ಕತ್ತರಿಸಿ, ಬಣ್ಣ ಬಳಿದು, ಅಂಕಿ ಹಾಕಿಕೊಟ್ಟ ತುಂಡುಗಳನ್ನು ಜೋಡಿಸುವುದು ಕಲೆಯ ಪಾಠವೇ?

ನಮ್ಮ ಮಾಧ್ಯಮಿಕ ಶಾಲೆಯ ಚಿತ್ರಕಲಾ ಶಿಕ್ಷಕರು ಮೊದಲು ನಮ್ಮಿಂದ ಚಿತ್ರ ಬರೆಸಲಿಲ್ಲ. ಕೆರೆಯ ಜೇಡಿಮಣ್ಣು ತರಿಸಿದರು. ನನ್ನ ಗಣಪತಿಗೆ ದಪ್ಪ ಹೊಟ್ಟೆ, ಕಡ್ಡಿಯಂಥ ಸೊಂಡಿಲು. ಮೂರನೆಯ ದಿನಕ್ಕೆ ಸೊಂಡಿಲಿನ ಬುಡ ಬಿರುಕುಬಿಟ್ಟಿತು. ಕಣ್ಣೀರು ಹಾಕಿದೆ. ಮೇಷ್ಟ್ರು ಸಂತೈಸಲಿಲ್ಲ. "ತೆಳುವಾದದ್ದು ಬೇಗ ಒಣಗಿ ಕುಗ್ಗಿತು, ದಪ್ಪನೆಯದು ಇನ್ನೂ ಹಸಿ. ಮಣ್ಣಿನ ತಪ್ಪೇನಯ್ಯ?" ಎಂದಷ್ಟೇ ಕೇಳಿದರು. ಒಡೆದ ಆ ಗಣಪತಿ ವರ್ಷವಿಡೀ ತರಗತಿಯ ಕಿಟಕಿಯಲ್ಲೇ ಕುಳಿತಿದ್ದ. ಮಳೆಗಾಲದಲ್ಲಿ ಬಾಗಿಲು ಬಿಗಿದುಕೊಂಡರೆ ಮನೆಯವರೆಲ್ಲ ಬಡಗಿಯನ್ನು ಬೈಯುತ್ತಾರೆ. ನಾನು ಇಂದಿಗೂ ಮರದ ಎಳೆ ಯಾವ ಕಡೆಗಿದೆಯೆಂದು ನೋಡುತ್ತೇನೆ.

ಇದು ಒಬ್ಬ ಹಳ್ಳಿಯ ಮೇಷ್ಟ್ರ ಖಯಾಲಿಯಲ್ಲ. ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸರು ಸುತ್ತಲಿನ ಸಾಮಗ್ರಿಯನ್ನೂ ಕುಶಲಕರ್ಮಿಗಳ ಕೈಕೆಲಸವನ್ನೂ ಗೌರವದಿಂದ ನೋಡಲು ಕಲಿಸಿದರು. ಅವರ ಶಿಷ್ಯ ರಾಮ್‌ಕಿಂಕರ್ ಬೈಜ್ 1938ರಲ್ಲಿ ಸಂತಾಲ ಕುಟುಂಬದ ಶಿಲ್ಪವನ್ನು ಕಂಚಿನಲ್ಲಿ ಎರಕ ಹೊಯ್ಯಲಿಲ್ಲ. ಸಿಮೆಂಟಿಗೆ ಆ ನೆಲದ್ದೇ ಜಂಬಿಟ್ಟಿಗೆ ಕಲ್ಲಿನ ಹರಳು ಬೆರೆಸಿ ಕಟ್ಟಿದರು. 1944ರಲ್ಲಿ ಅಲ್ಲಿಗೆ ಕಲಿಯಲು ಹೋದ ಕೆ. ಜಿ. ಸುಬ್ರಹ್ಮಣ್ಯನ್ ಮುಂದೆ ಸುಟ್ಟ ಮಣ್ಣಿನಲ್ಲಿ ಭಿತ್ತಿಶಿಲ್ಪ ರಚಿಸಿದರು, ಆಟಿಕೆಗಳನ್ನೂ ಮಾಡಿದರು. ಆಟಿಕೆ ಮಾಡುವುದು ತಮ್ಮ ಘನತೆಗೆ ಕಡಿಮೆಯೆಂದು ಅವರಿಗೆ ಅನ್ನಿಸಲಿಲ್ಲ. ನಮಗೆ ಮಾತ್ರ ಮಕ್ಕಳ ಕೈ ಮಣ್ಣಾದರೆ ಅವಮಾನ!

"ಅದರಿಂದ ಅಂಕ ಬರುತ್ತದೆಯೇ?" ಎನ್ನುವ ಪೋಷಕರಿಗೆ ನಾನು ಉಪದೇಶ ಮಾಡಲಾರೆ. ಮುಖ್ಯೋಪಾಧ್ಯಾಯನಾಗಿದ್ದಾಗ ಎಸ್ಸೆಸ್ಸೆಲ್ಸಿ ಫಲಿತಾಂಶದ ಭಯದಿಂದ ಹತ್ತನೆಯ ತರಗತಿಯ ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಕೊಟ್ಟವನು ನಾನೇ. ಆ ವರ್ಷ ಫಲಿತಾಂಶ ಚೆನ್ನಾಗಿಯೇ ಬಂತು. ಶಾಮಿಯಾನ ಹಾಕಿಸಿ ಸನ್ಮಾನ ಮಾಡಿದರು, ಮೈಸೂರು ಪೇಟ ತೊಡಿಸಿದರು. ಚಿತ್ರಕಲಾ ಶಿಕ್ಷಕರು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದರು. ಅವರ ಬಳಿ ಕ್ಷಮೆ ಕೇಳುವ ಧೈರ್ಯ ಬರುವಷ್ಟರಲ್ಲಿ ಅವರು ಇರಲಿಲ್ಲ.

ಆದ್ದರಿಂದ ಶಿಕ್ಷಕರಾಗಿರುವ ನನ್ನ ಶಿಷ್ಯರೇ, ಆ ಅವಧಿಯನ್ನು ಯಾರು ಕೇಳಿದರೂ ಬಿಟ್ಟುಕೊಡಬೇಡಿ. ನಿಮ್ಮ ಮುಖ್ಯೋಪಾಧ್ಯಾಯರು ಕೇಳಿದರೂ ಸರಿಯೇ. ದೂರವಾಣಿ ಮಾಡಿದವನಿಗೆ ದಸರಾ ರಜೆಯಲ್ಲಿ ಮಗಳನ್ನು ಕರೆತಾರೆಂದು ಹೇಳಿದ್ದೇನೆ. ಹಿತ್ತಲಿನ ಹಳೆಯ ಬಕೆಟ್ಟಿನಲ್ಲಿ ಕೆರೆಯ ಮಣ್ಣು ನೆನೆಯುತ್ತಿದೆ.