ಹಳೆ ಪಿಕಪ್ಪಿಗೆ ಅಭ್ಯಂಜನ

ಮಲೆನಾಡಿನ ಒಂದು ಅಡಿಕೆ ತೋಟದ ಮನೆ ಎಂದುಕೊಳ್ಳೋಣ. ಅಂಗಳದಲ್ಲಿ ನಿನ್ನೆ ಸಂಜೆಯಷ್ಟೇ ಬಂದು ನಿಂತ ಒಂದು ಪಿಕಪ್ ವಾಹನ. ಹೊಸದೇನಲ್ಲ, ಮಲ್ಪೆಯ ಬಂದರಿನಲ್ಲಿ ಎಂಟು ವರ್ಷ ಮೀನು ಹೊತ್ತು ದಣಿದದ್ದು. ಬಿಳಿ ಬಣ್ಣ ಹಳೆಯ ಸುಣ್ಣದ ಗೋಡೆಯಂತೆ ಮಂಕಾಗಿದೆ. ಕೈ ಸವರಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಹಿಂದಿನ ತೊಟ್ಟಿಯ ಮೂಲೆಗಳಲ್ಲಿ ತುಕ್ಕಿನ ಗೆರೆ. ಮುಂದಿನ ದೀಪಗಳಿಗೆ ಕಾಮಾಲೆ ಹಿಡಿದಂಥ ಹಳದಿ. ವಾಸನೆಯಂತೂ ಜಗುಲಿಯವರೆಗೆ ಬರುತ್ತಿದೆ. ಸಾಲ ಮಾಡಿ ಕೊಂಡ ಗಾಡಿ. ಕೊಯ್ಲಿನಲ್ಲಿ ಮನೆಯ ಅಡಿಕೆ ಮಂಡಿಗೆ ಹೋಗಬೇಕು, ಉಳಿದ ದಿನಗಳಲ್ಲಿ ಬಾಡಿಗೆಗೆ ಓಡಿ ಕಂತು ಕಟ್ಟಬೇಕು. ಮೀನು ನಾರುವ ಗಾಡಿಯಲ್ಲಿ ಅಕ್ಕಿ ಮೂಟೆ ಹೇರಲು ಯಾರು ಒಪ್ಪುತ್ತಾರೆ?

ಮನೆಯ ಯಜಮಾನರು ಪೇಟೆಯಿಂದ ಕೈಚೀಲ ತುಂಬ ಸಾಮಾನು ತಂದಿದ್ದಾರೆ: ತುಕ್ಕಿಗೆಂದು ಶೌಚಾಲಯ ತೊಳೆಯುವ ಆಸಿಡ್, ವಾಸನೆಗೆಂದು ಬ್ಲೀಚಿಂಗ್ ಪೌಡರ್, ಜೊತೆಗೆ ಬಟ್ಟೆ ಸೋಪಿನ ಪುಡಿ, ಪಾತ್ರೆ ಉಜ್ಜುವ ಸ್ಟೀಲ್ ನಾರು, ಒಂದು ಬಾಟಲಿ ಡೀಸೆಲ್. ಎರಡನೇ ಪಿಯುಸಿ ಓದುತ್ತಿರುವ ಮಗಳು ಬಕೆಟಿನ ಬಳಿ ಬಂದಳು.

‘ಅಪ್ಪಯ್ಯ, ತಡೀರಿ. ಅದೆರಡನ್ನೂ ಒಟ್ಟಿಗೆ ಹಾಕ್ಬೇಡಿ.’

‘ಯಾಕೆ ಕೂಸೆ? ಒಂದು ತುಕ್ಕಿಗೆ, ಒಂದು ನಾತಕ್ಕೆ. ಒಟ್ಟಿಗೆ ಹಾಕಿದ್ರೆ ಒಂದೇ ಸಲಕ್ಕೆ ಕೆಲಸ ಮುಗೀತದೆ.’

ಮಗಳು ತಡೆದದ್ದರಲ್ಲಿ ಅರ್ಥವಿತ್ತು. ಶೌಚಾಲಯದ ಆಸಿಡ್ ಎಂದರೆ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಮೇಲೆ ಹರಿಯಬಿಟ್ಟದ್ದು ಇದೇ ಅನಿಲವನ್ನು. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಮೇಲೇರಿ ಹೋಗದೆ ನೆಲಮಟ್ಟದಲ್ಲೇ ಹರಡುತ್ತದೆ. ಗಾಡಿಯ ಅಡಿ ಮಲಗಿ ಉಜ್ಜುತ್ತಿರುವವರ ಮೂಗು ಇರುವುದೂ ಅಲ್ಲಿಯೇ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಎರಡು ಅಂಕಕ್ಕೆ ಬರುವ ಸಮೀಕರಣ ಅಂಗಳದಲ್ಲಿ ಶ್ವಾಸಕೋಶಕ್ಕೇ ಕುತ್ತು ತರಬಲ್ಲದು. ಆದ್ದರಿಂದ ಮೊದಲ ನಿಯಮ: ತೊಳೆಯುವ ಎರಡು ವಸ್ತುಗಳನ್ನು ಎಂದೂ ಬೆರೆಸಬಾರದು.

ಅಜ್ಜಿಯ ಆಯ್ಕೆ

ಹಾಗಾದರೆ ಯಾವುದನ್ನು ಬಳಸಬೇಕು? ಉತ್ತರ ಹಳೆಯ ಅಡುಗೆಮನೆಯಲ್ಲೇ ಇದೆ. ತಾಮ್ರದ ಹಂಡೆಗೆ ಹುಣಸೆಹಣ್ಣು, ಜಿಡ್ಡಿನ ಪಾತ್ರೆಗೆ ಒಲೆಯ ಬೂದಿ, ರೇಷ್ಮೆ ಸೀರೆಗೆ ಅಂಟುವಾಳ. ಹುಣಸೆಯ ಆಮ್ಲ ತಾಮ್ರದ ಕಿಲುಬನ್ನು ಕರಗಿಸುತ್ತದೆ. ಬೂದಿಯ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ. ಅಂಟುವಾಳದ ಸೌಮ್ಯ ನೊರೆ ರೇಷ್ಮೆಯ ಎಳೆಯನ್ನು ನೋಯಿಸದೆ ಕೊಳೆ ತೆಗೆಯುತ್ತದೆ. ರೇಷ್ಮೆ ಸೀರೆಗೆ ಬೂದಿ ಹಾಕಿದ ಅಜ್ಜಿ ಎಲ್ಲೂ ಇಲ್ಲ. ಕೊಳೆ ಯಾವುದು, ಅದು ಕೂತಿರುವ ಮೈ ಯಾವುದು ಎಂಬ ಎರಡು ಪ್ರಶ್ನೆ ಕೇಳಿಯೇ ಆಕೆ ಡಬ್ಬಿಗೆ ಕೈ ಹಾಕುತ್ತಿದ್ದಳು. ಗಾಡಿಗೂ ಇವೇ ಎರಡು ಪ್ರಶ್ನೆ.

ಪಿಕಪ್ಪಿನ ಮೈ ಒಂದೇ ಬಗೆಯದಲ್ಲ. ಬಣ್ಣ ಬಳಿದ ಉಕ್ಕು, ರಬ್ಬರು, ಕಪ್ಪು ಪ್ಲಾಸ್ಟಿಕ್, ಗಾಜು, ಅಲ್ಯುಮಿನಿಯಂ ಎಲ್ಲವೂ ಅದರಲ್ಲಿವೆ. ಕೊಳೆಯೂ ಹಾಗೆಯೇ: ಉಪ್ಪು, ಮೀನಿನ ಒಣರಕ್ತ, ಡಾಂಬರು, ತುಕ್ಕು. ಎಲ್ಲಕ್ಕೂ ಒಂದೇ ಮದ್ದು ಇರಲಾರದು.

ಮೊದಲ ಮದ್ದು ನೀರು

ಬಂದರಿನಿಂದ ಬಂದ ಗಾಡಿಯ ಮುಖ್ಯ ವೈರಿ ಉಪ್ಪು. ಮಂಜುಗಡ್ಡೆ ಕರಗಿದ ಉಪ್ಪುನೀರು ತೊಟ್ಟಿಯ ಸಂದುಗಳಿಂದ ಇಳಿದು ಚಾಸಿಯ ಮೂಲೆಮೂಲೆ ಸೇರಿರುತ್ತದೆ. ಉಪ್ಪು ಕರಗಿದ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ತುಕ್ಕು ಹಿಡಿಯುವುದು ಮೂಲತಃ ವಿದ್ಯುತ್-ರಾಸಾಯನಿಕ ಕ್ರಿಯೆಯಾದ್ದರಿಂದ ಉಪ್ಪು ಅದನ್ನು ಚುರುಕುಗೊಳಿಸುತ್ತದೆ. ಇದಕ್ಕೆ ಬೇಕಾದ ಮದ್ದು ಯಾವ ಅಂಗಡಿಯಲ್ಲೂ ಇಲ್ಲ. ಉಪ್ಪು ಕರಗುವುದು ನೀರಿನಲ್ಲಿ. ಧಾರಾಳವಾಗಿ ಸಿಹಿನೀರು ಬಿಟ್ಟು ಚಾಸಿಯ ಅಡಿ, ಚಕ್ರದ ಕಮಾನು, ತೊಟ್ಟಿಯ ಸಂದುಗಳನ್ನು ಎರಡು ಮೂರು ಸಲ ತೊಳೆದು ಒಣಗಿಸಿದರೆ ಅರ್ಧ ಕೆಲಸ ಮುಗಿದಂತೆ. ರಭಸದ ನೀರನ್ನು ಬ್ಯಾಟರಿ, ಫ್ಯೂಸ್ ಪೆಟ್ಟಿಗೆ, ಆಲ್ಟರ್ನೇಟರ್ ಮೇಲೆ ಮಾತ್ರ ಬಿಡಬಾರದು. ಹಳ್ಳ, ಬಾವಿಗಳ ಹತ್ತಿರ ನಿಲ್ಲಿಸಿ ತೊಳೆಯಲೂ ಬಾರದು. ಗಾಡಿ ಬಿಟ್ಟ ಎಣ್ಣೆ, ಸೋಪು ಕುಡಿಯುವ ನೀರಿಗೇ ಸೇರುತ್ತದೆ.

ಮೈ ತೊಳೆಯಲು ಬಟ್ಟೆ ಸೋಪಿನ ಪುಡಿ ಬೇಡ. ಅದರಲ್ಲಿರುವ ಸೋಡಾದಿಂದಾಗಿ ಅದು ಕ್ಷಾರ. ಬಣ್ಣದ ಮೇಲಿನ ಮೇಣವನ್ನು ಕಿತ್ತು ತೆಗೆಯುತ್ತದೆ, ಅಲ್ಯುಮಿನಿಯಂ ಭಾಗಗಳನ್ನು ಮಂಕು ಮಾಡುತ್ತದೆ. ಬಾಟಲಿಯ ಮೇಲೆ ‘ಪಿಎಚ್ ನ್ಯೂಟ್ರಲ್’ ಎಂದು ಬರೆದಿರುವ ವಾಹನದ ಶಾಂಪೂ ಒಳ್ಳೆಯದು. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಎರಡು ಬಕೆಟ್ ಇಟ್ಟುಕೊಂಡು, ಒಂದರ ನೊರೆಯಿಂದ ಒರೆಸಿ ಇನ್ನೊಂದರಲ್ಲಿ ಬಟ್ಟೆ ಜಾಲಿಸಿಕೊಳ್ಳುತ್ತ ಮೇಲಿನಿಂದ ಕೆಳಕ್ಕೆ ಬರಬೇಕು. ಒಂದೇ ಬಕೆಟ್ ಆದರೆ ಬಟ್ಟೆಗೆ ಸೇರಿದ ಮರಳು ಮತ್ತೆ ಬಣ್ಣದ ಮೇಲೆ ಬಂದು ಗೀರುತ್ತದೆ. ಸ್ಟೀಲ್ ನಾರನ್ನಂತೂ ಬಣ್ಣದ ಹತ್ತಿರಕ್ಕೂ ತರಬಾರದು.

ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದವರು ಇನ್ನೊಂದು ಎಚ್ಚರ ವಹಿಸಬೇಕು. ಹನಿಗಳು ಹಾಗೇ ಒಣಗಿದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಬಿಳಿ ಚುಕ್ಕೆಗಳು ಉಳಿಯುತ್ತವೆ. ಕೂಡಲೇ ಒರೆಸಬೇಕು. ಉಳಿದ ಚುಕ್ಕೆಯನ್ನು ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿ ಮತ್ತೆ ತೊಳೆದರೆ ಹೋಗುತ್ತದೆ.

ನಾತಕ್ಕೆ ಹುಳಿ

ಸಮುದ್ರದ ಮೀನಿನ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೈನ್ ಎಂಬ ವಸ್ತು. ಅದು ಪ್ರತ್ಯಾಮ್ಲ. ಆಮ್ಲ ತಗುಲಿದರೆ ಲವಣವಾಗಿ ಮಾರ್ಪಟ್ಟು ಆವಿಯಾಗುವುದನ್ನು ನಿಲ್ಲಿಸುತ್ತದೆ. ಆವಿಯೇ ಇಲ್ಲದ ಮೇಲೆ ಮೂಗಿಗೆ ವಾಸನೆ ಎಲ್ಲಿಂದ? ಮೀನಿಗೆ ನಿಂಬೆರಸ ಹಿಂಡುವ, ಹುಣಸೆಹುಳಿ ಹಾಕುವ ಕರಾವಳಿಯ ಅಡುಗೆಯವರಿಗೆ ಇದು ಗೊತ್ತಿರುವ ಸಂಗತಿಯೇ.

ಆದರೆ ಹುಳಿಗಿಂತ ಮೊದಲು ಒಣಗಿದ ರಕ್ತ, ಪೊರೆಗಳನ್ನು ತಣ್ಣೀರು, ಶಾಂಪೂ, ಬ್ರಷ್‌ನಿಂದ ತೆಗೆಯಬೇಕು. ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನು ಹೆಪ್ಪುಗಟ್ಟಿ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಬಟ್ಟೆಯ ಮೇಲಿನ ರಕ್ತದ ಕಲೆಗೆ ಮನೆಯಲ್ಲಿ ತಣ್ಣೀರು ಹಾಕುವುದೂ ಅದಕ್ಕೇ. ಆಮೇಲೆ ಒಂದು ಪಾಲು ವಿನೆಗರ್‌ಗೆ ನಾಲ್ಕೈದು ಪಾಲು ನೀರು ಸೇರಿಸಿ ತೊಟ್ಟಿಗೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ನೀರು ಹೊಯ್ದು ಬಿಸಿಲಿಗೆ ಬಿಡಬೇಕು. ಹುಳಿ ಉಳಿದರೆ ಕಬ್ಬಿಣಕ್ಕೆ ಒಳ್ಳೆಯದಲ್ಲ. ಒಂದು ಸಲಕ್ಕೆ ಹೋಗದ ವಾಸನೆ ಎರಡು ಮೂರು ಸಲಕ್ಕೆ ಇಳಿಯುತ್ತದೆ.

ತುಕ್ಕೂ ಅಡಿಕೆ ಚೊಗರೂ

ತುಕ್ಕಿನ ಮೇಲೆ ಆಸಿಡ್ ಸುರಿದರೆ ಕೆಂಪು ಕರಗುವುದು ನಿಜ. ಕಬ್ಬಿಣವೂ ಕರಗುತ್ತದೆ, ಸತುವಿನ ಲೇಪವಿದ್ದರೆ ಅದೂ ಹೋಗುತ್ತದೆ. ಸಂದಿನಲ್ಲಿ ಉಳಿದ ಕ್ಲೋರೈಡು ಉಪ್ಪಿನ ಕೆಲಸವನ್ನೇ ಮುಂದುವರಿಸುತ್ತದೆ. ನಾಲ್ಕು ದಿನ ಬೆಳ್ಳಗೆ ಕಂಡ ಜಾಗ ಮಳೆಗಾಲದ ಹೊತ್ತಿಗೆ ಮೊದಲಿಗಿಂತ ಹೆಚ್ಚು ಕೆಂಪಾಗುತ್ತದೆ.

ತೋಟದ ಮನೆಯಲ್ಲಿ ಇದಕ್ಕೊಂದು ಪಾಠ ಸಿದ್ಧವಾಗಿದೆ. ಹಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಕಪ್ಪಾಗುವುದನ್ನು ನೋಡದವರಿಲ್ಲ. ಬಾಳೆಕಾಯಿ ಹೆಚ್ಚಿದ ಈಳಿಗೆಯೂ ಅಷ್ಟೆ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಡುಕಪ್ಪಿನ ಸಂಯುಕ್ತವಾಗುತ್ತದೆ. ಪೇಟೆಯಲ್ಲಿ ‘ರಸ್ಟ್ ಕನ್ವರ್ಟರ್’ ಎಂಬ ಹೆಸರಿನಲ್ಲಿ ಸಿಗುವ ಅನೇಕ ದ್ರಾವಣಗಳಲ್ಲಿ ಇರುವುದು ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ. ಅವು ತುಕ್ಕನ್ನು ಸ್ಥಿರವಾದ ಗಟ್ಟಿ ಪದರವಾಗಿ ಬದಲಾಯಿಸುತ್ತವೆ. ಹಾಗೆಂದು ಚೊಗರನ್ನೇ ಬಳಿದರೆ ಸಾಲದು. ಬಾಟಲಿಯ ದ್ರಾವಣದಲ್ಲಿ ಆಮ್ಲದ ಪ್ರಮಾಣ ಅಳತೆಯಲ್ಲಿರುತ್ತದೆ, ಟ್ಯಾನಿಕ್ ಬಗೆಯಲ್ಲಿ ಪದರ ಹಿಡಿಯುವ ಪಾಲಿಮರ್ ಕೂಡ ಇರುತ್ತದೆ.

ಕ್ರಮ ಹೀಗೆ: ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು, ಮರಳು ಕಾಗದದಿಂದ ಉಜ್ಜಿ, ಒರೆಸಿ, ಕನ್ವರ್ಟರ್ ಬಳಿಯಬೇಕು. ಅದು ಒಣಗಿದ ಮೇಲೆ ಪ್ರೈಮರ್, ಆಮೇಲೆ ಬಣ್ಣ. ರೆಡ್ ಆಕ್ಸೈಡ್ ಪ್ರೈಮರಿನ ಕೆಂಪೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ದಾಯಾದಿಯೇ. ಎಣ್ಣೆ-ರಾಳದಲ್ಲಿ ಕಟ್ಟುಬಿದ್ದು ಈಗ ಕಾವಲಿಗೆ ನಿಂತಿರುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಚೀಟಿಯಲ್ಲಿ ‘ಹೈಡ್ರೋಫ್ಲೋರಿಕ್’ ಎಂಬ ಪದ ಕಂಡರೆ ಆ ಬಾಟಲಿಯನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಲೇಸು. ಕೆಲವು ಚಕ್ರ ತೊಳೆಯುವ ಮತ್ತು ತುಕ್ಕು ತೆಗೆಯುವ ದ್ರಾವಣಗಳಲ್ಲಿರುವ ಈ ಆಮ್ಲ ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನೇ ಕಬಳಿಸುತ್ತದೆ.

ಕೂದಲೆಳೆಯ ಲೆಕ್ಕ

ಇನ್ನು ಹೊಳಪಿನ ಸರದಿ. ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣದ ರಾಳವನ್ನು ಒಡೆದಾಗ ಬಣ್ಣದ ಕಣಗಳು ಬಿಡಿಯಾಗಿ ಮೇಲೆ ಉಳಿಯುತ್ತವೆ. ಬೆರಳಿಗೆ ಹತ್ತುವ ಬಿಳಿ ಪುಡಿ ಅದೇ. ಪಾಲಿಶ್ ಈ ಸತ್ತ ಪದರವನ್ನು ಸವೆಸಿ ಕೆಳಗಿನ ಒಳ್ಳೆಯ ಬಣ್ಣವನ್ನು ತೋರಿಸುತ್ತದೆ. ಪಾಲಿಶ್ ಬಣ್ಣಕ್ಕೆ ಏನನ್ನೂ ಕೂಡಿಸುವುದಿಲ್ಲ, ಕಳೆಯುತ್ತದೆ.

ಕಳೆಯಲು ಇರುವುದಾದರೂ ಎಷ್ಟು? ಕಾರ್ಖಾನೆಯ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮನುಷ್ಯನ ಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಅಂದರೆ ಎರಡು ಕೂದಲೆಳೆಯಷ್ಟು ಬಂಡವಾಳ. ಮೇಲಿನ ಪಾರದರ್ಶಕ ಪದರ ಇದ್ದರೆ ಅದು ಅದರಲ್ಲಿ ಮೂರನೇ ಒಂದು ಭಾಗದಷ್ಟು. ಮೂಲೆ, ಅಂಚುಗಳಲ್ಲಿ ಇನ್ನೂ ತೆಳು. ಆದ್ದರಿಂದ ಒರಟು ‘ರಬ್ಬಿಂಗ್ ಕಾಂಪೌಂಡ್’ಗೆ ಮೊದಲೇ ಕೈ ಹಾಕದೆ, ಗೇಣಗಲ ಜಾಗದಲ್ಲಿ ನಯವಾದ ಪಾಲಿಶ್ ಪ್ರಯೋಗಿಸಿ ನೋಡಬೇಕು. ಬಿಳಿ ಗಾಡಿಗೆ ಬಣ್ಣದ ಬಟ್ಟೆ ಬಳಸಿದರೆ ಒಂದು ಗುಟ್ಟೂ ತಿಳಿಯುತ್ತದೆ: ಬಟ್ಟೆಗೆ ಬಿಳಿ ಹತ್ತಿದರೆ ಮೇಲೆ ಪಾರದರ್ಶಕ ಪದರವಿಲ್ಲ ಎಂದರ್ಥ. ಪಾರದರ್ಶಕ ಪದರ ಸಿಪ್ಪೆಯಂತೆ ಏಳುತ್ತಿದ್ದರೆ ಯಾವ ಪಾಲಿಶ್‌ನಿಂದಲೂ ಪ್ರಯೋಜನವಿಲ್ಲ, ಮತ್ತೆ ಬಣ್ಣ ಹೊಡೆಸುವುದೇ ದಾರಿ. ಆಗಲೂ ಹಳೆಯ ಬಣ್ಣವೇ ಇರಲಿ. ಬಣ್ಣ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ಬದಲಿಸಿದರೆ ಆರ್‌ಟಿಒ ಕಚೇರಿಯಲ್ಲಿ ತಿದ್ದಿಸಬೇಕಾಗುತ್ತದೆ.

ಪಾಲಿಶ್ ಆದ ಮೇಲೆ ಮೇಣ. ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ಮೇಣ ಕರಗಲು 80 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು. ಹಾಗಾಗಿ ಬಿಸಿಲಿನಲ್ಲೂ ಅದು ನಿಲ್ಲುತ್ತದೆ. ಆದರೆ ಶಾಶ್ವತವಲ್ಲ, ಕೆಲವು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು.

ಹಳದಿ ದೀಪ ಗಾಜಿನದಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದು. ನೀರು ಹಚ್ಚಿ 1000, 2000 ನಂಬರಿನ ಕಾಗದದಿಂದ ಉಜ್ಜಿ ಪಾಲಿಶ್ ಮಾಡಿದರೆ ತಿಳಿಯಾಗುತ್ತದೆ. ಅತಿನೇರಳೆ ಕಿರಣ ತಡೆಯುವ ಲೇಪ ಕೊಡದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಡಾಂಬರಿನ ಚುಕ್ಕೆಗೆ ಬಟ್ಟೆಯ ತುದಿಯಲ್ಲಿ ತುಸು ಡೀಸೆಲ್ ಸಾಕು, ಕೂಡಲೇ ಶಾಂಪೂವಿನಿಂದ ತೊಳೆಯಬೇಕು. ಗಾಡಿಯ ಅಡಿಗೆಲ್ಲ ಡೀಸೆಲ್ ಸಿಂಪಡಿಸುವ ರೂಢಿ ಒಳ್ಳೆಯದಲ್ಲ. ಎಣ್ಣೆ ತಗುಲಿದ ರಬ್ಬರ್ ಬುಷ್‌ಗಳು ಊದಿ ಬೇಗ ಕೆಡುತ್ತವೆ.

ಹೊಳಪಿನ ಹಿಂದೆ

ಟೈರಿಗೆ ಹಚ್ಚುವ ಕಪ್ಪು ಹೊಳಪು ಬಿರುಕನ್ನು ಮುಚ್ಚಬಲ್ಲದು, ವಾಸಿ ಮಾಡಲಾರದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಬೇಕು. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಾಗೆಯೇ ಬಾಗಿಲಿನ ಕೆಳಗಿನ ಅಂಚಿಗೆ ಒಂದು ಆಯಸ್ಕಾಂತ ಹಿಡಿದು ನೋಡಬೇಕು. ತುಕ್ಕು ತಿಂದ ಜಾಗಕ್ಕೆ ಪಟ್ಟಿ ತುಂಬಿ ಬಣ್ಣ ಹೊಡೆದಿದ್ದರೆ ಅಲ್ಲಿ ಅದು ಅಂಟುವುದಿಲ್ಲ. ಎಂಟು ವರ್ಷ ದಾಟಿದ ಸರಕು ವಾಹನ ಪ್ರತಿವರ್ಷ ಅರ್ಹತಾ ಪತ್ರ ಪಡೆಯಬೇಕು. ಚಾಸಿಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ‘ಠಣ್’ ಎನ್ನದೆ ಚೂರುಗಳು ಉದುರಿದರೆ ಅದು ತೊಳೆಯುವ ಕೆಲಸವಲ್ಲ, ವೆಲ್ಡಿಂಗ್ ಶೆಡ್ಡಿನದು. ಮೇಣ ಕೊಳ್ಳುವ ಹಣ ಮೊದಲು ಅಲ್ಲಿಗೆ ಹೋಗಬೇಕು. ಮಂಕಾದ ಗಾಡಿಯೂ ಅಡಿಕೆ ಹೊತ್ತು ಮಂಡಿ ತಲುಪುತ್ತದೆ. ಚಾಸಿ ಮುರಿದದ್ದು ತಲುಪುವುದಿಲ್ಲ.

ತೋಟದ ಮನೆಯ ಅಂಗಳದಲ್ಲಿ ಆಸಿಡ್ ಬಾಟಲಿ ಬಚ್ಚಲಿಗೆ ಹೋಯಿತು, ಬ್ಲೀಚಿಂಗ್ ಪುಡಿ ಬೇರೆಯೇ ಮಾಡಕ್ಕೆ ಸೇರಿತು. ಅಪ್ಪಯ್ಯ ಪೈಪ್ ಹಿಡಿದು ಗಾಡಿಯ ಅಡಿಗೆ ನೀರು ಬಿಡುತ್ತಿದ್ದಾರೆ. ಮಗಳು ನೋಟ್‌ಬುಕ್ಕಿನ ಹಾಳೆ ಹರಿದು ಪೇಟೆಯಿಂದ ತರಬೇಕಾದದ್ದನ್ನು ಬರೆಯುತ್ತಿದ್ದಾಳೆ: ಶಾಂಪೂ, ವಿನೆಗರ್, ತಂತಿ ಬ್ರಷ್, ಕನ್ವರ್ಟರ್, ಪ್ರೈಮರ್, ಕೈಗವಸು ಎರಡು ಜೊತೆ.

‘ಎರಡು ಯಾಕೆ ಕೂಸೆ?’

‘ನಿಮಗೊಂದು, ನನಗೊಂದು ಅಪ್ಪಯ್ಯ.’