ಚಲನೆಯನ್ನು ಬಿಡಿಸಿ ಹೇಳುವ ನುಡಿ

ಪೆರು ಮತ್ತು ಬೊಲಿವಿಯ ದೇಶಗಳ ಎಲ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿ, ಟಿಟಿಕಾಕಾ ಸರೋವರವಿದೆ. ಅದರ ಸುತ್ತಣ ಪ್ರಸ್ಥಭೂಮಿಯ ಮೂಲನಿವಾಸಿಗಳ ನುಡಿಗಳಲ್ಲಿ ಐಮಾರ ಒಂದು. ಈ ಭಾಷೆಯಲ್ಲಿ ‘ಒಯ್ಯು’ ಎಂದು ಹೇಳಹೊರಟವನು ಒಯ್ಯುವ ವಸ್ತುವಿನ ಆಕಾರವನ್ನೂ ಗಮನಿಸುತ್ತಾನೆ. ಕೋಲಿನಂತೆ ಉದ್ದವಾಗಿ ಗಟ್ಟಿಯಾಗಿರುವುದನ್ನು ಒಯ್ಯುವುದಕ್ಕೆ ‘ಅಯ’ ಎಂಬ ಧಾತು. ತಟ್ಟೆ ಬಟ್ಟಲುಗಳಿಗೆ ‘ಅಸ’. ಬಟ್ಟೆಯಂತಹ ಮೆತ್ತನೆಯ ವಸ್ತುವಿಗೆ ‘ಇಕ’. ಮಗುವನ್ನು ತೋಳಿನಲ್ಲಿ ಎತ್ತಿಕೊಂಡು ಹೋಗುವುದಕ್ಕೆ ‘ಇಚು’.

ಇಂತಹ ಪದಸಮೃದ್ಧಿಯನ್ನು ಕಂಡು, ಈ ಜನರಲ್ಲಿ ಬಿಡಿ ವಸ್ತುಗಳಿಗೆ ಮಾತುಂಟು, ಸಾಮಾನ್ಯ ಭಾವನೆಗೆ ಮಾತಿಲ್ಲ ಎಂದು ತೀರ್ಪು ಕೊಡುವ ರೂಢಿ 19ನೆಯ ಶತಮಾನದ ಕೆಲವು ಯೂರೋಪಿಯನ್ ವಿದ್ವಾಂಸರಲ್ಲಿ ಇದ್ದಿತು. ಅದು ತಪ್ಪೆಂಬುದಕ್ಕೆ ಐಮಾರವೇ ಸಾಕ್ಷಿ. ವಸ್ತು ಯಾವುದಾದರೂ ಸಲ್ಲುವ ‘ಅಪ’ ಎಂಬ ಸಾಮಾನ್ಯ ಧಾತುವೂ ಅದರಲ್ಲಿದೆ. ಅದಕ್ಕೆ ದಿಕ್ಕನ್ನು ಸೂಚಿಸುವ ಪ್ರತ್ಯಯಗಳು ಸೇರುತ್ತವೆ: ‘ಅಪ್ಸು’ ಎಂದರೆ ಹೊರತೆಗೆ, ‘ಅಪಂತ’ ಎಂದರೆ ಒಳಗಿಡು, ‘ಅಪ್ತ’ ಎಂದರೆ ಮೇಲೆತ್ತು, ‘ಅಪಕ’ ಎಂದರೆ ಕೆಳಗಿಳಿಸು.

ಈ ಪ್ರತ್ಯಯಗಳು ಒಂದೇ ಧಾತುವಿಗೆ ಮೀಸಲಾದವಲ್ಲ. ‘ಹಲ’ ಎಂದರೆ ಓಡು, ಹಾರು. ‘ಇಂತಿ’ ಎಂದರೆ ಸೂರ್ಯ. ಪೂರ್ವದಿಕ್ಕಿನ ಹೆಸರು ‘ಇಂತಿ ಹಲ್ಸು’, ಸೂರ್ಯನು ಹೊರಹೊರಡುವ ಕಡೆ. ಪಶ್ಚಿಮದ ಹೆಸರು ‘ಇಂತಿ ಹಲಂತ’, ಅವನು ಒಳಸೇರುವ ಕಡೆ. ಮೂಡುವುದರಿಂದ ಮೂಡಣ, ಪಡುವುದರಿಂದ ಪಡುವಣ ಎಂಬ ನಮ್ಮ ಮಾತುಗಳನ್ನು ವಾಚಕರು ಇಲ್ಲಿ ನೆನೆಯಬಹುದು. ಚಲಿಸುವ ವಸ್ತುವನ್ನು ಬದಿಗಿರಿಸಿ, ಚಲನೆಯ ದಿಕ್ಕನ್ನಷ್ಟೇ ಬೇರ್ಪಡಿಸಿ, ಅದನ್ನೊಂದು ಚಿಕ್ಕ ಪ್ರತ್ಯಯದಲ್ಲಿ ಹಿಡಿದಿಡುವುದು ಸಾಮಾನ್ಯೀಕರಣವಲ್ಲದೆ ಮತ್ತೇನು?

ಇಟಲಿಯ ಜೆಸ್ಯೂಟ್ ಪಾದ್ರಿ ಲುಡೊವಿಕೊ ಬರ್ಟೋನಿಯೊ ರಚಿಸಿದ ಐಮಾರ ನಿಘಂಟು 1612ರಷ್ಟು ಹಿಂದೆಯೇ ಅಚ್ಚಾಗಿದ್ದಿತು. ಆಧಾರವಿದ್ದೂ ತೀರ್ಪು ತಪ್ಪಿದುದಕ್ಕೆ ಕಾರಣ, ನುಡಿಯನ್ನು ಅದರ ವ್ಯಾಕರಣದಿಂದ ಅಳೆಯದೆ ಆಡುವವರ ಐಶ್ವರ್ಯ ಅಧಿಕಾರಗಳಿಂದ ಅಳೆದುದೇ ಎಂದು ನನ್ನ ಅಭಿಪ್ರಾಯ. ಈ ಅಳತೆಯ ಕೇಡು ಗ್ರಂಥಗಳಲ್ಲಿಯೇ ನಿಲ್ಲುವುದಿಲ್ಲ. ಕೀಳೆಂದು ಹೇಳಿಸಿಕೊಂಡ ನುಡಿಯನ್ನು ತಾಯಿತಂದೆಗಳು ಮಕ್ಕಳಿಗೆ ಕಲಿಸಲು ಹಿಂಜರಿಯುತ್ತಾರೆ. ಎರಡು ತಲೆಮಾರು ಹೀಗೆ ಹಿಂಜರಿದರೆ ನುಡಿಯೇ ಅಳಿಯಬಹುದು. ಬೊಲಿವಿಯದ 2009ರ ಸಂವಿಧಾನವು ಸ್ಪಾನಿಷ್ ಭಾಷೆಯೊಡನೆ ಐಮಾರವೂ ಸೇರಿದಂತೆ 36 ಮೂಲನಿವಾಸಿ ನುಡಿಗಳಿಗೆ ಅಧಿಕೃತ ಸ್ಥಾನವನ್ನಿತ್ತಿದೆ. ಇದು ಯೋಗ್ಯವಾದ ಕಾರ್ಯ. ಆದರೆ ಕಾನೂನು ಸ್ಥಾನವನ್ನು ಕೊಡಬಲ್ಲುದೇ ಹೊರತು ಗೌರವವನ್ನಲ್ಲ. ಗೌರವವು ತಿಳಿವಳಿಕೆಯಿಂದ ಬರಬೇಕು. ಯಾವ ನುಡಿಯನ್ನೇ ಆಗಲಿ ಬಡನುಡಿ ಎನ್ನುವ ಮೊದಲು ವಿದ್ಯಾರ್ಥಿಗಳು ಅದರ ಒಂದು ಕ್ರಿಯಾಪದವನ್ನಾದರೂ ಬಿಡಿಸಿ ನೋಡಲಿ.