ಸೊನ್ನೆ ಕಪ್ಪು ಮಾಡಿದರೆ ಕನ್ನಡ ಬಂತೇ?

ಚಾಮರಾಜಪೇಟೆಯ ನಮ್ಮ ಪ್ರೆಸ್ಸಿಗೆ ಕಂಪ್ಯೂಟರ್ ಸೈನ್ಸ್ ಮುಗಿಸಿದ ಹುಡುಗನೊಬ್ಬ ಬಂದ. ಮನೆಮಾತು ಕನ್ನಡವೇ. ಬೀದಿಯವರು ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು, ಕರಪತ್ರವನ್ನು ತಾನೇ ಟೈಪ್ ಮಾಡಿ ತಂದಿದ್ದ. ಅದರಲ್ಲಿ 'ರ‍್ಯಾಂಕ್' ಹೋಗಿ 'ರ್ಯಾಂಕ್' ಆಗಿತ್ತು! ಯೂನಿಕೋಡಿನಲ್ಲಿ 'ರ' ಆದಮೇಲೆ ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ಹಾಕದಿದ್ದರೆ ಅರ್ಕಾವೊತ್ತು ಬಂದು ಕೂರುತ್ತದೆ. ಪಿಯುಸಿ ಓದಿದ ನನಗೆ ಗೊತ್ತಿರುವುದು ರ‍್ಯಾಂಕ್ ಬಂದವನಿಗೆ ಗೊತ್ತಿಲ್ಲ. ಹುಡುಗನ ತಪ್ಪಲ್ಲ ಬಿಡಿ, ಅವನನ್ನು ಯಾರೂ ಕೇಳಿಯೇ ಇಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮು ನೋಡಿ. ಪದವಿಗೆ 160 ಕ್ರೆಡಿಟ್, ಕನ್ನಡಕ್ಕೆ ಒಂದೇ ಒಂದು! ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಅರಿಯದವರಿಗೆ ಬಳಕೆ ಕನ್ನಡ. ಕೊನೆಯ ಪರೀಕ್ಷೆಗೆ ಒಂದು ಗಂಟೆ, 50 ಬಹುಆಯ್ಕೆ ಪ್ರಶ್ನೆ. 18 ಸರಿಯಾದರೆ ಗಡಿ ದಾಟಿದ. ಸೊನ್ನೆ ಕಪ್ಪು ಮಾಡಿದರಾಯಿತು. ಒಂದು ವಾಕ್ಯ ಬರೆಯಬೇಕಿಲ್ಲ, ಒಂದಕ್ಷರ ಟೈಪ್ ಮಾಡಬೇಕಿಲ್ಲ.

ಕುಲಪತಿಗಳೇ, ಇದಕ್ಕೆ ಪರೀಕ್ಷೆ ಎನ್ನುತ್ತೀರಾ? ಕಂಪ್ಯೂಟರ್ ಶಾಖೆಗಾದರೂ ಆ 50 ಅಂಕದಲ್ಲಿ 25ನ್ನು ಲ್ಯಾಬಿಗೆ ಕೊಡಿ. ಒಂದು ಪುಟ ಕನ್ನಡ ಟೈಪ್ ಮಾಡಲಿ, ಹಳೆಯ 'ನುಡಿ' ಕಡತವನ್ನು ಯೂನಿಕೋಡಿಗೆ ತಿರುಗಿಸಲಿ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಮ್ ಬರೆಯಲಿ. ಹೊರಗಿನ ಮಕ್ಕಳಿಗೆ ಕಷ್ಟವೇ? ಸಿ, ಜಾವಾ, ಪೈಥಾನ್ ಕಲಿಯುವ ತಲೆಗೆ 49 ಅಕ್ಷರ ಭಾರವೇ ಸ್ವಾಮಿ? ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇದೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು 20 ವರ್ಷ ದಾಟಿತು. ಸಲಕರಣೆ ಇಲ್ಲವೆಂಬ ನೆಪ ನಡೆಯದು.

ಮುಂದಿನ ಸ್ಕೀಮಿಗೂ ಇದು ಸೇರದಿದ್ದರೆ ಬೆಳಗಾವಿಗೇ ಬರುತ್ತೇವೆ. ಕರಪತ್ರದ ಖರ್ಚು ನನ್ನದು.